ಡ್ರ್ಯಾಗ್ ರೇಸಿಂಗ್: ಪ್ರತಿಕ್ರಿಯಾ ಕಾಲ ಮತ್ತು ಆರಂಭ ತಂತ್ರ

ಡ್ರ್ಯಾಗ್ ರೇಸಿಂಗ್‌ನಲ್ಲಿ ಪ್ರತಿಕ್ರಿಯಾ ಕಾಲವೆಂದರೆ, ಆರಂಭ ರೇಖೆಯ ಹಸಿರು ದೀಪ ಹೊತ್ತಿದ ಕ್ಷಣಕ್ಕೂ ವಾಹನದ ಮುಂಚಕ್ರ ಅಲ್ಲಿನ ಬೆಳಕಿನ ಕಿರಣವನ್ನು ಬಿಟ್ಟು ಹೊರಬಂದ ಕ್ಷಣಕ್ಕೂ ನಡುವಣ ಅಂತರ. ಇದನ್ನು ಸೆಕೆಂಡಿನ ಸಾವಿರದ ಒಂದಂಶದವರೆಗೆ ಅಳೆಯಲಾಗುತ್ತದೆ. ಈ ಅಂತರವನ್ನು ಆದಷ್ಟೂ ಸೊನ್ನೆಯ ಹತ್ತಿರಕ್ಕೆ ತರಬೇಕು, ಆದರೆ ಸೊನ್ನೆಗಿಂತ ಕೆಳಗಿಳಿಯಬಾರದು. ಅದಕ್ಕಾಗಿ ಚಾಲಕ ಮತ್ತು ತಂಡ ಅನುಸರಿಸುವ ಕ್ರಮಗಳೆಲ್ಲ ಸೇರಿ ಆರಂಭ ತಂತ್ರವಾಗುತ್ತದೆ.

ಮನೋವಿಜ್ಞಾನದ ಪ್ರಯೋಗಶಾಲೆಯಲ್ಲಿ ಪ್ರತಿಕ್ರಿಯಾ ಕಾಲ ಎಂದಾಗ ಮನುಷ್ಯನೊಬ್ಬನ ಕಣ್ಣು, ನರ, ಸ್ನಾಯುಗಳ ವೇಗವಷ್ಟೇ ಲೆಕ್ಕಕ್ಕೆ ಬರುತ್ತದೆ. ಡ್ರ್ಯಾಗ್ ರೇಸಿಂಗ್‌ನ ಅಂಕಿ ಹಾಗಲ್ಲ. ಅದರಲ್ಲಿ ಚಾಲಕನ ಪ್ರತಿಕ್ರಿಯೆಯ ಜೊತೆಗೆ ಕ್ಲಚ್ ಅಥವಾ ಗೇರ್‌ಪೆಟ್ಟಿಗೆ ಹಿಡಿತಕ್ಕೆ ಬರುವ ಹೊತ್ತು, ಟೈರ್ ನೆಲವನ್ನು ಕಚ್ಚುವ ಹೊತ್ತು, ಮುಂಚಕ್ರ ಕಿರಣದಿಂದ ಹೊರಗೆ ಉರುಳಲು ಬೇಕಾದ ಹೊತ್ತು ಎಲ್ಲವೂ ಕೂಡಿರುತ್ತವೆ. ಆದ್ದರಿಂದ ಓಟದ ಕಾಲಗಳನ್ನು ಮುದ್ರಿಸಿಕೊಡುವ ಟೈಮ್ ಸ್ಲಿಪ್ಪಿನಲ್ಲಿ ಅಚ್ಚಾಗುವ ಪ್ರತಿಕ್ರಿಯಾ ಕಾಲ ಚಾಲಕನೊಬ್ಬನ ಚುರುಕಿನ ಅಳತೆಯಲ್ಲ. ಚಾಲಕ, ಯಂತ್ರ ಮತ್ತು ಆರಂಭ ರೇಖೆಯ ಜ್ಯಾಮಿತಿ ಈ ಮೂರರ ಮೊತ್ತ.

ಓಟದ ಸ್ವರೂಪ

ಎರಡು ವಾಹನಗಳು ಅಕ್ಕಪಕ್ಕದ ಪಥಗಳಲ್ಲಿ ನಿಂತ ಸ್ಥಿತಿಯಿಂದ ಹೊರಟು ನೇರ ಹಾದಿಯಲ್ಲಿ ಮೊದಲು ಗುರಿ ಮುಟ್ಟಲು ನಡೆಸುವ ಸ್ಪರ್ಧೆಯೇ ಡ್ರ್ಯಾಗ್ ರೇಸ್. ಸಾಂಪ್ರದಾಯಿಕ ದೂರ ಕಾಲು ಮೈಲಿ, ಅಂದರೆ 1,320 ಅಡಿ ಅಥವಾ ಸುಮಾರು 402 ಮೀಟರ್. ಅದರ ಅರ್ಧವಾದ 660 ಅಡಿಯ ಓಟಗಳೂ ಬಹಳ ಪ್ರಚಲಿತ. ಅತಿವೇಗದ ಟಾಪ್ ಫ್ಯುಯೆಲ್ ಮತ್ತು ಫನಿ ಕಾರ್ ವರ್ಗಗಳ ದೂರವನ್ನು ಅಮೆರಿಕದಲ್ಲಿ 2008ರಲ್ಲಿ 1,000 ಅಡಿಗೆ ಇಳಿಸಲಾಯಿತು. ಆ ವರ್ಷದ ಜೂನ್‌ನಲ್ಲಿ ನ್ಯೂಜೆರ್ಸಿಯ ಇಂಗ್ಲಿಷ್‌ಟೌನ್‌ನಲ್ಲಿ ಚಾಲಕ ಸ್ಕಾಟ್ ಕಲಿಟ್ಟಾ ಅಪಘಾತದಲ್ಲಿ ಮೃತಪಟ್ಟದ್ದು ಈ ಬದಲಾವಣೆಗೆ ಕಾರಣ.

ಪ್ರತಿ ಓಟಕ್ಕೂ ಎರಡು ಬೇರೆ ಬೇರೆ ಕಾಲಗಳನ್ನು ದಾಖಲಿಸುತ್ತಾರೆ. ಒಂದು ಪ್ರತಿಕ್ರಿಯಾ ಕಾಲ. ಇನ್ನೊಂದು ಓಟದ ಅವಧಿ, ಅಂದರೆ ಇ.ಟಿ. ಓಟದ ಅವಧಿಯ ಗಡಿಯಾರ ಹಸಿರು ದೀಪಕ್ಕೆ ಓಡತೊಡಗುವುದಿಲ್ಲ. ಮುಂಚಕ್ರ ಆರಂಭದ ಕಿರಣವನ್ನು ಬಿಟ್ಟಾಗ ಓಡತೊಡಗುತ್ತದೆ. ಹಾಗಾಗಿ ಹಸಿರು ಹೊತ್ತಿದ ಮೇಲೆ ಒಂದು ಸೆಕೆಂಡು ಸುಮ್ಮನೆ ನಿಂತು ಹೊರಟರೂ ಇ.ಟಿ. ಒಂದಿಷ್ಟೂ ಕೆಡುವುದಿಲ್ಲ, ಓಟ ಮಾತ್ರ ಕೈತಪ್ಪುತ್ತದೆ. ಗೆಲುವನ್ನು ನಿರ್ಧರಿಸುವುದು ಇವೆರಡರ ಕೂಡಿಕೆ. ಅರ್ಹತಾ ಸುತ್ತಿನಲ್ಲಿ ಇ.ಟಿ. ಮಾತ್ರ ಗಣನೆಗೆ ಬರುವುದರಿಂದ ಅಲ್ಲಿ ಪ್ರತಿಕ್ರಿಯಾ ಕಾಲಕ್ಕೆ ಬೆಲೆಯಿಲ್ಲ. ಎದುರಾಳಿ ಸೋತು ಮನೆಗೆ ಹೋಗುವ ಎಲಿಮಿನೇಷನ್ ಸುತ್ತುಗಳಲ್ಲಿ ಅದೇ ನಿರ್ಣಾಯಕವಾಗುತ್ತದೆ.

ಇತಿಹಾಸ

ಎರಡನೆಯ ಮಹಾಯುದ್ಧದ ನಂತರ ಕ್ಯಾಲಿಫೋರ್ನಿಯಾದ ಒಣಸರೋವರಗಳಲ್ಲೂ ಬಳಕೆ ತಪ್ಪಿದ ವಿಮಾನಪಟ್ಟಿಗಳಲ್ಲೂ ಈ ಕ್ರೀಡೆ ಬೆಳೆಯಿತು. 1950ರಲ್ಲಿ ಸಾಂಟಾ ಆನಾ ವಿಮಾನ ನಿಲ್ದಾಣದ ಪಟ್ಟಿಯಲ್ಲಿ ಟಿಕೆಟ್ ಪಡೆದು ನೋಡುವ ನಿಯತ ಓಟಗಳು ಆರಂಭವಾದವು. 1951ರಲ್ಲಿ ವಾಲಿ ಪಾರ್ಕ್ಸ್ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಸ್ಥಾಪಿಸಿದರು. ಎನ್‌ಎಚ್‌ಆರ್‌ಎ ಎಂದೇ ಪರಿಚಿತವಾದ ಈ ಸಂಸ್ಥೆಯ ಮೊದಲ ರಾಷ್ಟ್ರೀಯ ಕೂಟ 1955ರಲ್ಲಿ ಕಾನ್ಸಸ್ ರಾಜ್ಯದ ಗ್ರೇಟ್ ಬೆಂಡ್‌ನಲ್ಲಿ ನಡೆಯಿತು.

ಆ ಕಾಲದಲ್ಲಿ ಓಟ ಬಿಡುತ್ತಿದ್ದವನು ಬಾವುಟದವನು. ಎರಡು ವಾಹನಗಳ ನಡುವೆ ಅಥವಾ ತುಸು ಮುಂದೆ ನಿಂತು ಆತ ಬಾವುಟ ಎತ್ತಿದ ಕೂಡಲೇ ಹೊರಡಬೇಕಿತ್ತು. ಅನುಭವಿ ಚಾಲಕರು ಬಾವುಟವನ್ನು ನೋಡುತ್ತಲೇ ಇರಲಿಲ್ಲ. ಬಾವುಟದವನ ಭುಜ, ಮಣಿಕಟ್ಟು, ಮೊಣಕಾಲಿನ ಮಡಿಕೆಗಳನ್ನು ನೋಡುತ್ತಿದ್ದರು. ಬಾವುಟ ಮೇಲೇರುವ ಮೊದಲೇ ದೇಹ ಸುಳಿವು ಕೊಡುತ್ತಿತ್ತು. ಯಾರು ಮೊದಲು ಹೊರಟರು, ಅದು ತಪ್ಪೋ ಅಲ್ಲವೋ ಎಂಬುದು ಬಾವುಟದವನ ತೀರ್ಮಾನಕ್ಕೇ ಬಿಟ್ಟಿತ್ತು. ವೇಗದಲ್ಲಿ ಸಮನಲ್ಲದ ವಾಹನಗಳಿಗೆ ರಿಯಾಯಿತಿ ಕೊಡಬೇಕಾದಾಗ ನಿಧಾನದ ವಾಹನವನ್ನು ಕೆಲವು ಕಾರುಗಳ ಉದ್ದದಷ್ಟು ಮುಂದೆ ನಿಲ್ಲಿಸುತ್ತಿದ್ದರು. ಇವೆಲ್ಲವೂ ಜಗಳಕ್ಕೆ ದಾರಿಯಾಗಿದ್ದವು. ಜೊತೆಗೆ ಬಾವುಟದವನ ಪ್ರಾಣಕ್ಕೂ ಅಪಾಯವಿತ್ತು.

1963ರಲ್ಲಿ ಇಂಡಿಯಾನಾಪೊಲಿಸ್‌ನ ರಾಷ್ಟ್ರೀಯ ಕೂಟದಲ್ಲಿ ಎನ್‌ಎಚ್‌ಆರ್‌ಎ ವಿದ್ಯುತ್ ದೀಪಗಳ ಕಂಬವನ್ನು ಬಳಕೆಗೆ ತಂದಿತು. ಬಣ್ಣದ ದೀಪಗಳು ಮೇಲಿಂದ ಕೆಳಕ್ಕೆ ಜೋಡಣೆಯಾಗಿದ್ದ ಕಾರಣ ಅದಕ್ಕೆ ಕ್ರಿಸ್‌ಮಸ್ ಟ್ರೀ ಎಂಬ ಹೆಸರು ಅಂಟಿತು. ಈಗ ಟ್ರೀ ಎಂದರೆ ಸಾಕು. ಆರಂಭದಲ್ಲಿ ಪ್ರತಿ ಪಥಕ್ಕೂ ಐದು ಹಳದಿ ದೀಪಗಳು ಅರ್ಧ ಸೆಕೆಂಡಿಗೊಂದರಂತೆ ಹೊತ್ತಿ ಕೊನೆಗೆ ಹಸಿರು ಬರುತ್ತಿತ್ತು. 1986ರಲ್ಲಿ ಹಳದಿ ದೀಪಗಳ ಸಂಖ್ಯೆಯನ್ನು ಮೂರಕ್ಕೆ ಇಳಿಸಲಾಯಿತು. 2003ರಲ್ಲಿ ತಂತಿಯ ಬಲ್ಬುಗಳ ಜಾಗಕ್ಕೆ ಎಲ್‌ಇಡಿ ದೀಪಗಳು ಬಂದವು. ಇದು ಹೊರನೋಟಕ್ಕೆ ಸಣ್ಣ ಬದಲಾವಣೆ, ಚಾಲಕರ ಪಾಲಿಗೆ ದೊಡ್ಡದು. ತಂತಿ ಕಾದು ಪೂರ್ತಿ ಬೆಳಗಲು ಹಿಡಿಯುತ್ತಿದ್ದ ಕಿರುಹೊತ್ತು ಇಲ್ಲವಾಗಿ, ದೀಪ ಮೊದಲಿಗಿಂತ ಬೇಗ ಕಣ್ಣಿಗೆ ಬೀಳತೊಡಗಿತು. ಹಳೆಯ ಬಲ್ಬಿಗೆ ಒಗ್ಗಿಸಿಟ್ಟಿದ್ದ ವಾಹನಗಳನ್ನು ಮತ್ತೆ ಹೊಂದಿಸಬೇಕಾಯಿತು. 2011ರಲ್ಲಿ ಮೇಲ್ತುದಿಯ ಸೂಚಕ ದೀಪಗಳಿಗೆ ನೀಲಿ ಬಣ್ಣ ಬಂತು.

ಅಂಕಿಯನ್ನು ತೋರಿಸುವ ಕ್ರಮವೂ ಬದಲಾಗಿದೆ. ಹಿಂದೆ ಕೊನೆಯ ಹಳದಿ ದೀಪದಿಂದ ಎಣಿಸುತ್ತಿದ್ದುದರಿಂದ ಅತ್ಯುತ್ತಮ ಪ್ರತಿಕ್ರಿಯೆ ಟ್ರೀಯ ಬಗೆಗೆ ತಕ್ಕಂತೆ 0.500 ಅಥವಾ 0.400 ಎಂದು ಬರುತ್ತಿತ್ತು. ಈಗ ಹಸಿರು ದೀಪದಿಂದ ಎಣಿಕೆ. ಪರಿಪೂರ್ಣ ಪ್ರತಿಕ್ರಿಯೆ 0.000. ಹಳೆಯ ದಾಖಲೆಗಳನ್ನು ಓದುವಾಗ ಈ ವ್ಯತ್ಯಾಸವನ್ನು ನೆನಪಿನಲ್ಲಿಡಬೇಕು.

ಆರಂಭ ರೇಖೆಯ ರಚನೆ

ಆರಂಭ ರೇಖೆ ನೆಲಕ್ಕೆ ಬಳಿದ ಗೆರೆಯಲ್ಲ. ಪಥಕ್ಕೆ ಅಡ್ಡಲಾಗಿ, ನೆಲದಿಂದ ಸ್ವಲ್ಪವೇ ಎತ್ತರದಲ್ಲಿ ಹಾಯುವ ಬೆಳಕಿನ ಕಿರಣಗಳ ಸಾಲು. ಮೊದಲನೆಯದು ಪ್ರೀ-ಸ್ಟೇಜ್ ಕಿರಣ. ಅದರಿಂದ 7 ಅಂಗುಲ, ಸುಮಾರು 18 ಸೆಂಟಿಮೀಟರ್ ಮುಂದೆ ಸ್ಟೇಜ್ ಕಿರಣ. ವಾಹನ ಮೆಲ್ಲನೆ ಮುಂದೆ ಬಂದು ಮುಂಚಕ್ರ ಮೊದಲ ಕಿರಣವನ್ನು ತಡೆದಾಗ ಟ್ರೀಯ ಮೇಲ್ತುದಿಯಲ್ಲಿ ಪ್ರೀ-ಸ್ಟೇಜ್ ದೀಪ ಹೊತ್ತುತ್ತದೆ. ಇನ್ನೂ 18 ಸೆಂಟಿಮೀಟರ್ ಸರಿದು ಎರಡನೆಯ ಕಿರಣವನ್ನು ತಡೆದಾಗ ಸ್ಟೇಜ್ ದೀಪವೂ ಹೊತ್ತಿ, ವಾಹನ ಓಟಕ್ಕೆ ಸಿದ್ಧವೆಂದು ಲೆಕ್ಕ. ಈ ಇಡೀ ಕ್ರಿಯೆಗೆ ಸ್ಟೇಜಿಂಗ್ ಎಂದು ಹೆಸರು. ಎನ್‌ಎಚ್‌ಆರ್‌ಎ ನಿಯಮದ ಪ್ರಕಾರ ಸ್ಟೇಜಿಂಗ್‌ನ ಕೊನೆಯ ಚಲನೆ ಮುಂದಕ್ಕೇ ಇರಬೇಕು. ಮುಂದೆ ಹೋಗಿ ಹಿಂದೆ ಸರಿದು ಕಿರಣಕ್ಕೆ ಹೊಂದಿಸಿಕೊಳ್ಳುವಂತಿಲ್ಲ.

ಸ್ಟೇಜ್ ಕಿರಣದಿಂದ ಸುಮಾರು 34 ಸೆಂಟಿಮೀಟರ್ ಮುಂದೆ ಮೂರನೆಯದಾದ ಗಾರ್ಡ್ ಕಿರಣವಿದೆ. ವಾಹನದ ದೇಹದ ತಗ್ಗಿನ ಭಾಗವೊಂದು ಚಕ್ರ ಹೊರಟ ಮೇಲೂ ಸ್ಟೇಜ್ ಕಿರಣವನ್ನು ತಡೆದಿಟ್ಟುಕೊಂಡರೆ ಗಡಿಯಾರ ತಡವಾಗಿ ಓಡತೊಡಗಿ ಅನ್ಯಾಯದ ಲಾಭ ಸಿಗುತ್ತದೆ. ಸ್ಟೇಜ್ ಕಿರಣಕ್ಕೆ ತಡೆಯಿರುವಾಗಲೇ ಗಾರ್ಡ್ ಕಿರಣಕ್ಕೂ ತಡೆಯಾದರೆ ಕೆಂಪು ದೀಪ ಹೊತ್ತಿಸಿ ವ್ಯವಸ್ಥೆ ಇದನ್ನು ತಡೆಯುತ್ತದೆ. ಮುಂದೆ 60, 330, 660, 1,000 ಮತ್ತು 1,320 ಅಡಿಗಳಲ್ಲಿ ಕಾಲ ಅಳೆಯುವ ಕಿರಣಗಳಿವೆ. ಆರಂಭ ತಂತ್ರದ ಮಟ್ಟಿಗೆ ಇವುಗಳಲ್ಲಿ ಮುಖ್ಯವಾದುದು 60 ಅಡಿಯದು. ವಾಹನ ನೆಲ ಕಚ್ಚಿ ಹೊರಟಿತೋ ಜಾರಿತೋ ಎಂಬುದನ್ನು ಅದರ ಅಂಕಿಯೇ ಹೇಳುತ್ತದೆ. ಟಾಪ್ ಫ್ಯುಯೆಲ್ ವಾಹನಗಳು ಈ 18 ಮೀಟರನ್ನು ಒಂದು ಸೆಕೆಂಡಿಗಿಂತ ಸಾಕಷ್ಟು ಕಡಿಮೆ ಹೊತ್ತಿನಲ್ಲಿ ದಾಟುತ್ತವೆ.

ಎರಡೂ ವಾಹನ ಸ್ಟೇಜ್ ಆದ ಮೇಲೆ ಟ್ರೀ ಓಡುತ್ತಿದ್ದುದು ಹಿಂದೆ ಓಟ ಬಿಡುವ ಸ್ಟಾರ್ಟರ್‌ನ ಕೈಗುಂಡಿಯಿಂದ. ಬಾವುಟದವನ ಭುಜವನ್ನು ಓದಿದಂತೆಯೇ ಗುಂಡಿ ಒತ್ತುವವನ ಲಯವನ್ನೂ ಓದುವ ಚಾಲಕರಿದ್ದರು. ಈಗ ಆಟೊಸ್ಟಾರ್ಟ್ ವ್ಯವಸ್ಥೆ ಆ ಕೆಲಸ ಮಾಡುತ್ತದೆ. ನಾಲ್ಕು ಸೂಚಕ ದೀಪಗಳಲ್ಲಿ ಮೂರು ಹೊತ್ತಿದ ಕೂಡಲೇ ಗಣಕ ಎಣಿಸತೊಡಗುತ್ತದೆ; ಉಳಿದ ಚಾಲಕ ಗೊತ್ತಾದ ಅವಧಿಯೊಳಗೆ ಸ್ಟೇಜ್ ಆಗದಿದ್ದರೆ ಆತ ಹೊರಬೀಳುತ್ತಾನೆ. ಬೇಕೆಂದೇ ಎದುರಾಳಿಯನ್ನು ಕಾಯಿಸಿ ಎಂಜಿನ್ ಕಾಯಿಸುವ, ಏಕಾಗ್ರತೆ ಕೆಡಿಸುವ ಹಳೆಯ ಹೂಟಕ್ಕೆ ಇದರಿಂದ ಕಡಿವಾಣ ಬಿತ್ತು. ಇಬ್ಬರೂ ಪ್ರೀ-ಸ್ಟೇಜ್ ಆಗುವವರೆಗೆ ಯಾರೂ ಮುಂದೆ ಸರಿಯದಿರುವ ಕರ್ಟಸಿ ಸ್ಟೇಜಿಂಗ್ ಪದ್ಧತಿ ಚಾಲಕರ ನಡುವಿನ ಸೌಜನ್ಯವಾಗಿ ಈಗಲೂ ಉಳಿದಿದೆ.

ಟ್ರೀಯ ಬಗೆಗಳು

ಫುಲ್ ಟ್ರೀಯಲ್ಲಿ ಮೂರು ಹಳದಿ ದೀಪಗಳು ಅರ್ಧ ಸೆಕೆಂಡಿನ ಅಂತರದಲ್ಲಿ ಒಂದಾದ ಮೇಲೊಂದು ಹೊತ್ತುತ್ತವೆ, ಕೊನೆಯದರ ಅರ್ಧ ಸೆಕೆಂಡಿನ ನಂತರ ಹಸಿರು. ಅಂದರೆ ಮೊದಲ ಹಳದಿಯಿಂದ ಹಸಿರಿಗೆ ಒಟ್ಟು 1.5 ಸೆಕೆಂಡು. ಹವ್ಯಾಸಿ ವರ್ಗಗಳೂ, ನಿಧಾನದ ವಾಹನ ಮೊದಲು ಹೊರಡುವ ರಿಯಾಯಿತಿ ಓಟಗಳೂ ಹೆಚ್ಚಾಗಿ ಇದನ್ನು ಬಳಸುತ್ತವೆ. ಪ್ರೊ ಟ್ರೀಯಲ್ಲಿ ಮೂರೂ ಹಳದಿ ದೀಪಗಳು ಒಟ್ಟಿಗೆ ಹೊತ್ತಿ 0.4 ಸೆಕೆಂಡಿನ ನಂತರ ಹಸಿರು ಬರುತ್ತದೆ. ವೃತ್ತಿಪರ ವರ್ಗಗಳಿಗೆ ಇದೇ ಕ್ರಮ.

ಇವೆರಡೂ ಚಾಲಕನಿಂದ ಬೇರೆ ಬೇರೆ ಕೌಶಲವನ್ನು ಬೇಡುತ್ತವೆ. ಪ್ರೊ ಟ್ರೀಯಲ್ಲಿ ಹಳದಿ ಕಂಡ ಕೂಡಲೇ ಹೊರಡುವುದಷ್ಟೇ ಕೆಲಸ, ಊಹೆಗೆ ಜಾಗವಿಲ್ಲ. ಫುಲ್ ಟ್ರೀಯಲ್ಲಿ ಇಳಿದುಬರುವ ದೀಪಗಳಿಗೆ ಒಂದು ಲಯವಿದೆ, ಚಾಲಕ ಅದನ್ನು ಮೈಗೂಡಿಸಿಕೊಂಡು ಮೂರನೆಯ ದೀಪದ ಸುತ್ತಮುತ್ತ ಹೊರಡುತ್ತಾನೆ. ಎರಡರಲ್ಲೂ ಹಸಿರನ್ನು ಕಾಯ್ದು ಹೊರಡುವವನು ಸೋತಂತೆಯೇ. ಹಸಿರು ಕಾಣುವುದು ಸಾಮಾನ್ಯವಾಗಿ ಚಾಲಕ ಗುಂಡಿ ಬಿಟ್ಟ ಅಥವಾ ಪೆಡಲ್ ಒತ್ತಿದ ನಂತರ.

ಪ್ರತಿಕ್ರಿಯಾ ಕಾಲದ ಘಟಕಗಳು

ಮೊದಲ ಘಟಕ ಮನುಷ್ಯನದು. ನರದಲ್ಲಿ ಸಂದೇಶ ಸಾಗುವ ವೇಗಕ್ಕೆ ಮಿತಿಯಿದೆ ಎಂಬುದನ್ನು ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1850ರ ಸುಮಾರಿಗೆ ಕಪ್ಪೆಯ ನರದ ಮೇಲಿನ ಪ್ರಯೋಗಗಳಿಂದ ತೋರಿಸಿದ. ಡಚ್ ವಿಜ್ಞಾನಿ ಡಾಂಡರ್ಸ್ 1868ರಲ್ಲಿ ಪ್ರತಿಕ್ರಿಯೆಯೊಳಗಿನ ಮಾನಸಿಕ ಹಂತಗಳನ್ನು ಬಿಡಿಸಿ ಅಳೆಯುವ ವಿಧಾನವನ್ನು ಮುಂದಿಟ್ಟ. ಎದುರುನೋಡುತ್ತಿರುವ ಒಂದೇ ಬೆಳಕಿಗೆ ಆರೋಗ್ಯವಂತ ವ್ಯಕ್ತಿ ಸ್ಪಂದಿಸಲು ಸುಮಾರು 0.2 ಸೆಕೆಂಡು ಬೇಕು. ಶಬ್ದಕ್ಕೆ ಸ್ಪಂದಿಸಲು ಅದಕ್ಕಿಂತ ಕಡಿಮೆ ಸಾಕು. ಬೆಳಕು ಪ್ರಖರವಾದಷ್ಟೂ ಸ್ಪಂದನ ಬೇಗ. ಬಿಸಿಲಿನಲ್ಲಿ ಟ್ರೀಯ ದೀಪಗಳಿಗೆ ಮರೆ ಕಟ್ಟುವುದು ಈ ಕಾರಣಕ್ಕೇ. ಮಿದುಳಿನಿಂದ ಪಾದಕ್ಕೆ ನರದ ಹಾದಿ ಉದ್ದವಾದ್ದರಿಂದ ಕಾಲಿಗಿಂತ ಕೈಬೆರಳು ಚುರುಕು. ಒತ್ತುವುದಕ್ಕಿಂತ ಒತ್ತಿಹಿಡಿದ ಗುಂಡಿಯನ್ನು ಬಿಡುವುದು ಚಾಲಕರಿಗೆ ಹೆಚ್ಚು ಒಗ್ಗಿದ ಕ್ರಮ.

ಎರಡನೆಯ ಘಟಕ ಯಂತ್ರದ ವಿಳಂಬ. ಸೊಲೆನಾಯ್ಡ್ ಕೆಲಸ ಮಾಡಬೇಕು, ಕ್ಲಚ್ ಹಿಡಿಯಬೇಕು, ಆಕ್ಸಲ್ ತಿರುಚಿಕೊಳ್ಳಬೇಕು, ಹಿಂದಿನ ಟೈರಿನ ಮೆತ್ತನೆಯ ಪಕ್ಕ ಸುಕ್ಕುಗಟ್ಟಿ ಬಲವನ್ನು ನೆಲಕ್ಕೆ ದಾಟಿಸಬೇಕು. ಎಂಜಿನ್ ಹೆಚ್ಚು ಸುತ್ತಿನಲ್ಲಿದ್ದಾಗ ಹೊರಟರೆ ಈ ವಿಳಂಬ ಕಡಿಮೆ. ಆದರೆ ಟೈರ್ ಜಾರುವ ಅಪಾಯ ಹೆಚ್ಚು.

ಮೂರನೆಯದು ರೋಲ್‌ಔಟ್. ಚಕ್ರದ ಮುಂಚೂಣಿ ಕಿರಣವನ್ನು ತಡೆದ ಜಾಗದಿಂದ ಅದರ ಹಿಂಭಾಗ ಕಿರಣವನ್ನು ಬಿಡುವ ಜಾಗದವರೆಗೆ ವಾಹನ ಉರುಳುವ ದೂರವಿದು. ಕಿರಣದ ಎತ್ತರದಲ್ಲಿ ಚಕ್ರವನ್ನು ಅಡ್ಡ ಕೊಯ್ದರೆ ಸಿಗುವ ಜ್ಯಾದ ಉದ್ದಕ್ಕೆ ಇದು ಸಮ. 66 ಸೆಂಟಿಮೀಟರ್ ವ್ಯಾಸದ ಚಕ್ರವನ್ನೂ ನೆಲದಿಂದ 4 ಸೆಂಟಿಮೀಟರ್ ಎತ್ತರದ ಕಿರಣವನ್ನೂ ಉದಾಹರಣೆಗೆ ತೆಗೆದುಕೊಂಡರೆ ರೋಲ್‌ಔಟ್ ಸುಮಾರು 31 ಸೆಂಟಿಮೀಟರ್. ಚಕ್ರದ ವ್ಯಾಸವನ್ನು 56 ಸೆಂಟಿಮೀಟರಿಗೆ ಇಳಿಸಿದರೆ ಅದು ಸುಮಾರು 29ಕ್ಕೆ ಇಳಿಯುತ್ತದೆ. ಟೈರಿನ ಗಾಳಿಯ ಒತ್ತಡ ತಗ್ಗಿ ಚಕ್ರ ಕುಸಿದರೂ ಈ ದೂರ ಬದಲಾಗುತ್ತದೆ. ಹೊರಟ ಕೂಡಲೇ ಮುಂಭಾಗ ಮೇಲೇಳುವ ವಾಹನಗಳಲ್ಲಿ ಚಕ್ರ ಎತ್ತಿಕೊಂಡು ಕಿರಣವನ್ನು ಮೊದಲೇ ಬಿಡುತ್ತದೆ.

ಈ ಪುಟ್ಟ ದೂರಕ್ಕೆ ಹಿಡಿಯುವ ಹೊತ್ತು ಪುಟ್ಟದಲ್ಲ. ನಿಂತ ಸ್ಥಿತಿಯಿಂದ ಒಂದೇ ವೇಗೋತ್ಕರ್ಷದಲ್ಲಿ 30 ಸೆಂಟಿಮೀಟರ್ ಸಾಗಲು, ವೇಗೋತ್ಕರ್ಷ ಗುರುತ್ವದ 0.4 ಪಟ್ಟು ಇದ್ದರೆ ಸುಮಾರು 0.39 ಸೆಕೆಂಡು ಬೇಕು. ಗುರುತ್ವದಷ್ಟೇ ಇದ್ದರೆ 0.25 ಸೆಕೆಂಡು, ನಾಲ್ಕು ಪಟ್ಟಿದ್ದರೆ 0.12 ಸೆಕೆಂಡು. ಟ್ರೀಯ ಅವಧಿಗಳ ಹಿಂದಿನ ತರ್ಕ ಇಲ್ಲಿ ತಿಳಿಯಾಗುತ್ತದೆ. ಸಾಧಾರಣ ರಸ್ತೆ ಕಾರಿನ ಚಾಲಕ ಪ್ರೊ ಟ್ರೀಯಲ್ಲಿ ಹಳದಿ ಕಂಡು 0.2 ಸೆಕೆಂಡಿನಲ್ಲೇ ಹೊರಟರೂ, ಚಕ್ರ ಕಿರಣ ಬಿಡಲು ಇನ್ನೂ 0.39 ಸೆಕೆಂಡು ಹಿಡಿಯುವುದರಿಂದ, 0.19ರ ಪ್ರತಿಕ್ರಿಯಾ ಕಾಲಕ್ಕಿಂತ ಉತ್ತಮವಾದುದು ಸಿಗದು. ಅದು ಅವನ ತಪ್ಪಲ್ಲ. ಅರ್ಧ ಸೆಕೆಂಡಿನ ಫುಲ್ ಟ್ರೀಯಲ್ಲೂ ಅವನು ಕೊನೆಯ ಹಳದಿಯನ್ನು ಕಂಡು ಸ್ಪಂದಿಸುವ ಕ್ಷಣಕ್ಕಿಂತ ತುಸು ಮೊದಲೇ, ಲಯದ ಆಧಾರದಿಂದ ಹೊರಡಬೇಕು. ಬಲಿಷ್ಠ ರೇಸ್ ಕಾರಿನ ಚಾಲಕ ಅದೇ ಟ್ರೀಯಲ್ಲಿ ಹಾಗೆ ಮಾಡಿದರೆ ಕೆಂಪು ದೀಪ ಖಚಿತ. ಅವನು ಹಳದಿಯನ್ನು ಪೂರ್ತಿ ನೋಡಿಯೇ ಹೊರಡಬೇಕು.

ಅಥ್ಲೆಟಿಕ್ಸ್ ಓಟಗಳಲ್ಲಿ ಗುಂಡಿನ ಸದ್ದಾದ 0.1 ಸೆಕೆಂಡಿನೊಳಗೆ ಹೊರಟರೆ ಅದು ಊಹೆಯ ಹೊರಡಿಕೆ ಎಂದು ಫೌಲ್ ಕೊಡುತ್ತಾರೆ. ಡ್ರ್ಯಾಗ್ ರೇಸಿಂಗ್‌ನಲ್ಲಿ 0.001 ಕೂಡ ಸಾಧುವಾದ ಪ್ರತಿಕ್ರಿಯಾ ಕಾಲ. ಇಲ್ಲಿ ಸೂಚನೆ ಹಳದಿ ದೀಪದಿಂದ ಬರುತ್ತದೆ, ಅಳತೆ ಹಸಿರಿನಿಂದ ನಡೆಯುತ್ತದೆ. ನಡುವಣ ಅವಧಿಯನ್ನು ಮನುಷ್ಯ ಮತ್ತು ಯಂತ್ರ ಸೇರಿ ಬಳಸಿಕೊಳ್ಳುತ್ತವೆ. ಎರಡು ಕ್ರೀಡೆಗಳ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವುದು ಆದ್ದರಿಂದ ಸರಿಯಾಗದು.

ಆಳವಿಲ್ಲದ ಮತ್ತು ಆಳವಾದ ಸ್ಟೇಜಿಂಗ್

ಸ್ಟೇಜ್ ದೀಪ ಹೊತ್ತಿದ ಕೂಡಲೇ ಅಲ್ಲೇ ನಿಲ್ಲುವುದು ಶ್ಯಾಲೋ ಸ್ಟೇಜಿಂಗ್. ಆಗ ರೋಲ್‌ಔಟ್ ಪೂರ್ತಿ ಉಳಿದಿರುತ್ತದೆ. ಇನ್ನೂ ಮುಂದೆ ಸರಿದು ಚಕ್ರದ ಹಿಂಭಾಗ ಪ್ರೀ-ಸ್ಟೇಜ್ ಕಿರಣವನ್ನು ಬಿಟ್ಟು ಆ ದೀಪ ಆರುವಂತೆ ನಿಲ್ಲುವುದು ಡೀಪ್ ಸ್ಟೇಜಿಂಗ್. ಎರಡು ಕಿರಣಗಳ ಅಂತರ 18 ಸೆಂಟಿಮೀಟರ್ ಆದ್ದರಿಂದ ಡೀಪ್ ಆಗಿ ನಿಂತ ವಾಹನಕ್ಕೆ ಉಳಿಯುವ ರೋಲ್‌ಔಟ್ ಅದಕ್ಕಿಂತ ಹೆಚ್ಚಿರದು. ಗುರುತ್ವದಷ್ಟು ವೇಗೋತ್ಕರ್ಷವಿರುವ ವಾಹನದಲ್ಲಿ 30ರ ಬದಲು 18 ಸೆಂಟಿಮೀಟರ್ ಉರುಳಿದರೆ ಸಾಕಾದಾಗ ಪ್ರತಿಕ್ರಿಯಾ ಕಾಲದಲ್ಲಿ ಸುಮಾರು 0.055 ಸೆಕೆಂಡಿನ ಉಳಿತಾಯ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಪೂರ್ತಿ ರೋಲ್‌ಔಟ್ ದಾಟಿದ ವಾಹನ ಇ.ಟಿ. ಗಡಿಯಾರ ಓಡತೊಡಗುವಾಗ ಸುಮಾರು ಗಂಟೆಗೆ 8.7 ಕಿಲೋಮೀಟರ್ ವೇಗ ಗಳಿಸಿರುತ್ತದೆ. ಡೀಪ್ ನಿಂತದ್ದು ಸುಮಾರು 6.8 ಮಾತ್ರ. ಹಾಗಾಗಿ ಅದರ ಇ.ಟಿ. ಹೆಚ್ಚುತ್ತದೆ. ಪ್ರತಿಕ್ರಿಯೆಯಲ್ಲಿ ಗಳಿಸಿದ್ದರಲ್ಲಿ ಬಹುಪಾಲು ಇ.ಟಿ.ಯಲ್ಲಿ ಕಳೆಯುತ್ತದೆ, ಒಟ್ಟಿನಲ್ಲಿ ಉಳಿಯುವ ನಿಜವಾದ ಲಾಭ ಗುರಿಗೆ ಒಂದು ಗೇಣು ಹತ್ತಿರ ನಿಂತದ್ದಷ್ಟೇ. ಆದರೂ ನಿಧಾನವಾಗಿ ಸ್ಪಂದಿಸುವ ವಾಹನವನ್ನು ಟ್ರೀಯ ಅವಧಿಗೆ ಹೊಂದಿಸಲು ಇದು ಸುಲಭದ ಉಪಾಯ. ಕೆಲವು ವರ್ಗಗಳಲ್ಲಿ ಇದಕ್ಕೆ ನಿಷೇಧವಿದೆ. ಪ್ರೀ-ಸ್ಟೇಜ್ ಕಿರಣ ಬಿಟ್ಟ ಮೇಲೆ ತೀರ ಹೆಚ್ಚು ಸರಿದರೆ ಸ್ಟೇಜ್ ಕಿರಣವನ್ನೂ ದಾಟಿಬಿಡುವ ಅಪಾಯ ಚಾಲಕನದು.

ಹೊರಡುವ ಮುನ್ನ: ಬರ್ನ್‌ಔಟ್

ಆರಂಭ ರೇಖೆಯ ಹಿಂದಿನ ತೇವದ ಜಾಗದಲ್ಲಿ ಹಿಂಚಕ್ರಗಳನ್ನು ನೆನೆಸಿ, ವಾಹನವನ್ನು ಮುಂಚಕ್ರಗಳ ಬ್ರೇಕಿನಲ್ಲಿ ಹಿಡಿದು ಹಿಂಚಕ್ರಗಳನ್ನು ತಿರುಗಿಸಿ ಟೈರ್ ಬಿಸಿ ಮಾಡುವುದು ಬರ್ನ್‌ಔಟ್. ಇದರಿಂದ ರಬ್ಬರ್ ಮೆತ್ತಗಾಗಿ ಅಂಟುಗುಣ ಹೆಚ್ಚುತ್ತದೆ, ಟೈರಿಗೆ ಅಂಟಿದ ಕಸ ಕಳಚುತ್ತದೆ, ಪಥದ ಮೇಲೆ ಹೊಸ ರಬ್ಬರಿನ ಪದರ ಕೂರುತ್ತದೆ. ಮುಂಬ್ರೇಕನ್ನು ಮಾತ್ರ ಹಿಡಿದಿಡುವ ವಿದ್ಯುತ್ ಕವಾಟಕ್ಕೆ ಲೈನ್-ಲಾಕ್ ಎನ್ನುತ್ತಾರೆ. ಸ್ಪರ್ಧಾಪಥಗಳ ಆರಂಭ ಭಾಗ ಸಾಮಾನ್ಯವಾಗಿ ಕಾಂಕ್ರೀಟಿನದು. ಅದಕ್ಕೆ ಅಂಟುದ್ರಾವಣ ಸಿಂಪಡಿಸಿ, ರಬ್ಬರ್ ಉಜ್ಜಿ ಸಿದ್ಧಗೊಳಿಸುತ್ತಾರೆ.

ಹೊರಡುವ ತಂತ್ರಗಳು

ಫುಟ್‌ಬ್ರೇಕಿಂಗ್ ಎಲ್ಲಕ್ಕಿಂತ ಸರಳ ವಿಧಾನ. ಆಟೊಮ್ಯಾಟಿಕ್ ಗೇರ್‌ಪೆಟ್ಟಿಗೆಯ ವಾಹನದಲ್ಲಿ ಎಡಗಾಲಿನಿಂದ ಬ್ರೇಕ್ ಹಿಡಿದು, ಬಲಗಾಲಿನಿಂದ ಎಂಜಿನ್ ಸುತ್ತು ಏರಿಸಿ, ಸರಿಯಾದ ಕ್ಷಣದಲ್ಲಿ ಬ್ರೇಕ್ ಬಿಟ್ಟು ಥ್ರಾಟಲ್ ಪೂರ್ತಿ ಒತ್ತುತ್ತಾರೆ. ಬ್ರೇಕ್ ತಡೆಯಬಲ್ಲಷ್ಟು ಮಾತ್ರ ಸುತ್ತು ಏರಿಸಬಹುದೆಂಬುದು ಇದರ ಮಿತಿ. ಹೆಚ್ಚಿನ ಉಪಕರಣ ಬೇಡದ್ದರಿಂದ ಹೊಸಬರು ಕಲಿಯಲು ಆರಿಸಿಕೊಳ್ಳುವ ದಾರಿಯೂ ಇದೇ.

ಈ ಮಿತಿಯನ್ನು ಮೀರಲು ಬಂದದ್ದು ಟ್ರಾನ್ಸ್‌ಬ್ರೇಕ್. ಇದು ಗೇರ್‌ಪೆಟ್ಟಿಗೆಯೊಳಗೆ ಮೊದಲ ಗೇರನ್ನೂ ರಿವರ್ಸ್ ಗೇರನ್ನೂ ಏಕಕಾಲಕ್ಕೆ ಹಿಡಿದಿಟ್ಟು ವಾಹನವನ್ನು ಕದಲದಂತೆ ಬಿಗಿಯುತ್ತದೆ. ಚಾಲಕ ಸ್ಟಿಯರಿಂಗ್ ಮೇಲಿನ ಗುಂಡಿಯನ್ನು ಒತ್ತಿಹಿಡಿದು ಥ್ರಾಟಲ್ ಪೂರ್ತಿ ತೆರೆಯಬಹುದು. ಎಂಜಿನ್ ಗೊತ್ತಾದ ಸುತ್ತಿಗಿಂತ ಮೇಲೇರದಂತೆ ಟು-ಸ್ಟೆಪ್ ಮಿತಿಕಾರಕ ನೋಡಿಕೊಳ್ಳುತ್ತದೆ. ಗುಂಡಿ ಬಿಟ್ಟರೆ ರಿವರ್ಸ್ ಗೇರಿನ ಹಿಡಿತ ಸಡಿಲಿ ವಾಹನ ಚಿಮ್ಮುತ್ತದೆ. ಪ್ರತಿ ಬಾರಿಯೂ ಒಂದೇ ಸುತ್ತಿನಲ್ಲಿ, ಒಂದೇ ವಿಳಂಬದಲ್ಲಿ ಹೊರಡುವುದು ಇದರ ನಿಜವಾದ ಲಾಭ.

ಚಾಲಕರು ತಮ್ಮ ಇ.ಟಿ.ಯನ್ನು ಮೊದಲೇ ಘೋಷಿಸಿ ಓಡುವ ಬ್ರ್ಯಾಕೆಟ್ ರೇಸಿಂಗ್‌ನಲ್ಲಿ ಟ್ರಾನ್ಸ್‌ಬ್ರೇಕಿನ ಜೊತೆಗೆ ಡಿಲೇ ಬಾಕ್ಸ್ ಎಂಬ ಇಲೆಕ್ಟ್ರಾನಿಕ್ ಟೈಮರ್ ಬಳಸುವ ವರ್ಗಗಳಿವೆ. ಚಾಲಕ ಫುಲ್ ಟ್ರೀಯ ಮೊದಲ ಹಳದಿ ಕಂಡ ಕೂಡಲೇ ಗುಂಡಿ ಬಿಡುತ್ತಾನೆ. ಪೆಟ್ಟಿಗೆ ಮೊದಲೇ ನಿಗದಿಪಡಿಸಿದಷ್ಟು ಹೊತ್ತು ಕಾಯ್ದು ಟ್ರಾನ್ಸ್‌ಬ್ರೇಕ್ ಸಡಿಲಿಸುತ್ತದೆ. 1.5 ಸೆಕೆಂಡಿನಲ್ಲಿ ಚಾಲಕನ 0.2, ವಾಹನದ ಸುಮಾರು 0.25 ಕಳೆದರೆ ಪೆಟ್ಟಿಗೆಗೆ ಕೊಡಬೇಕಾದ ವಿಳಂಬ 1.05ರ ಆಸುಪಾಸು. ಎದುರಾಳಿ ಮೊದಲು ಹೊರಡುವ ರಿಯಾಯಿತಿ ಓಟದಲ್ಲಿ ಎದುರಾಳಿಯ ಮೊದಲ ದೀಪಕ್ಕೇ ಗುಂಡಿ ಬಿಟ್ಟು, ಇಬ್ಬರ ಅಂತರವನ್ನೂ ಪೆಟ್ಟಿಗೆಯಿಂದಲೇ ಎಣಿಸುವ ಕ್ರಾಸ್‌ಓವರ್ ವಿಧಾನವೂ ಇದೆ. ಡಿಲೇ ಬಾಕ್ಸ್ ಚಾಲಕನ ಕೌಶಲವನ್ನು ಕಸಿಯುತ್ತದೆಂಬ ಆಕ್ಷೇಪ ಹಳೆಯದು. ಆದರೆ ಪೆಟ್ಟಿಗೆ ಊಹೆಯನ್ನು ತೆಗೆದುಹಾಕುತ್ತದೆಯೇ ಹೊರತು ಮನುಷ್ಯನ ಏರುಪೇರನ್ನಲ್ಲ: ಒಂದು ಬಾರಿ 0.190, ಇನ್ನೊಂದು ಬಾರಿ 0.210 ಹೊತ್ತು ತೆಗೆದುಕೊಳ್ಳುವ ಬೆರಳನ್ನು ಅದು ತಿದ್ದಲಾರದು. ಸ್ಥಿರತೆಯೇ ಈ ವರ್ಗದ ಕೌಶಲ.

ಪ್ರೊ ಸ್ಟಾಕ್ ವರ್ಗದಲ್ಲಿ ಚಾಲಕ ಕ್ಲಚ್ ಪೆಡಲನ್ನು ಕಾಲಿನಿಂದ ಬಿಟ್ಟು ಹೊರಡುತ್ತಾನೆ. ಈ ವರ್ಗಕ್ಕೆ 2016ರಲ್ಲಿ ಇಂಧನ ಇಂಜೆಕ್ಷನ್‌ನೊಂದಿಗೆ ಎಂಜಿನ್ನಿಗೆ ನಿಮಿಷಕ್ಕೆ 10,500 ಸುತ್ತುಗಳ ಮಿತಿಯೂ ಬಂತು. ವಾಹನಗಳ ಬಲ ತೀರ ಸಮೀಪವಿರುವುದರಿಂದ ಪ್ರತಿಕ್ರಿಯಾ ಕಾಲ ಅತಿ ಹೆಚ್ಚು ಓಟಗಳನ್ನು ತೀರ್ಮಾನಿಸುವುದು ಇಂಥ ವರ್ಗಗಳಲ್ಲೇ. ನೈಟ್ರೊಮೀಥೇನ್ ಇಂಧನದ ಟಾಪ್ ಫ್ಯುಯೆಲ್ ಮತ್ತು ಫನಿ ಕಾರ್ ವಾಹನಗಳಲ್ಲಿ ಕೇಂದ್ರಾಪಗಾಮಿ ಬಲದಿಂದ ಹಂತಹಂತವಾಗಿ ಹಿಡಿಯುವ ಬಹುಫಲಕ ಕ್ಲಚ್ ಇರುತ್ತದೆ. ಚಾಲಕ ಕೈಬ್ರೇಕಿನಿಂದ ವಾಹನವನ್ನು ಅಂಗುಲ ಅಂಗುಲವಾಗಿ ಕಿರಣಕ್ಕೆ ತಂದು, ಹಳದಿ ಹೊತ್ತಿದಾಗ ಥ್ರಾಟಲನ್ನು ಒಂದೇ ಏಟಿಗೆ ಒತ್ತುತ್ತಾನೆ. ಮೋಟಾರ್‌ಸೈಕಲ್ಲುಗಳಲ್ಲಿ ಕೆಲಸ ಎಡಗೈಯ ಕ್ಲಚ್ ಲಿವರಿನದು. ಲಿವರನ್ನು ಪೂರ್ತಿ ಕೈಬಿಟ್ಟರೆ ಮುಂಚಕ್ರ ಮೇಲೇಳುವ ಅಥವಾ ಹಿಂಚಕ್ರ ಜಾರುವ ಸಂಭವವಿರುವುದರಿಂದ ಸವಾರನ ದೇಹದ ಭಾರ ಎಲ್ಲಿದೆ ಎಂಬುದೂ ಆರಂಭ ತಂತ್ರದ ಭಾಗ. ಮುಂಚಕ್ರ ಅತಿಯಾಗಿ ಮೇಲೇಳದಂತೆ ತಡೆಯಲು ವೇಗದ ಬೈಕುಗಳ ಹಿಂದೆ ಉದ್ದನೆಯ ವೀಲಿ ಬಾರ್ ಇರುತ್ತದೆ.

ಫೌಲ್ ಮತ್ತು ಕೆಂಪು ದೀಪ

ಹಸಿರಿಗೆ ಮೊದಲು ಚಕ್ರ ಸ್ಟೇಜ್ ಕಿರಣವನ್ನು ಬಿಟ್ಟರೆ ಕೆಂಪು ದೀಪ ಹೊತ್ತಿ ಆ ಚಾಲಕ ಸೋಲುತ್ತಾನೆ. ಸಾವಿರದ ಒಂದಂಶದಷ್ಟು ಮುಂಚಿತವಾದರೂ ಸೋಲು ಪೂರ್ತಿ. ಸಮಾನ ಆರಂಭದ ಓಟದಲ್ಲಿ ಇಬ್ಬರೂ ತಪ್ಪಿದರೆ ಮೊದಲು ತಪ್ಪಿದವನಿಗೆ ಸೋಲು. ಪಥದ ಗಡಿ ದಾಟುವುದು ಇದಕ್ಕಿಂತ ದೊಡ್ಡ ತಪ್ಪು. ಒಬ್ಬ ಕೆಂಪು ದೀಪ ಹೊತ್ತಿಸಿದ ಮೇಲೂ ಎದುರಾಳಿ ನಡುಗೆರೆ ದಾಟಿದರೆ ಗೆಲುವು ಮೊದಲಿನವನಿಗೇ ಮರಳುತ್ತದೆ. ರಿಯಾಯಿತಿ ಓಟದಲ್ಲಿ ನಿಧಾನದ ವಾಹನ ಮೊದಲು ಹೊರಡುವುದರಿಂದ, ಅದು ತಪ್ಪಿದೊಡನೆ ಓಟ ಮುಗಿದು, ವೇಗದ ವಾಹನದ ಚಾಲಕ ಎಷ್ಟೇ ಬೇಗ ಹೊರಟರೂ ಬಚಾವಾಗುತ್ತಿದ್ದ. ಇಬ್ಬರೂ ಹೊರಟ ಮೇಲೆ ಇಬ್ಬರ ಅಂಕಿಗಳನ್ನು ಹೋಲಿಸಿ ಹೆಚ್ಚು ತಪ್ಪಿದವನನ್ನು ಸೋಲಿಸುವ ಟ್ರೂಸ್ಟಾರ್ಟ್ ವ್ಯವಸ್ಥೆ ಈ ಅಸಮತೆಯನ್ನು ಸರಿಪಡಿಸಿದೆ.

ಹೋಲ್‌ಶಾಟ್ ಮತ್ತು ರಿಯಾಯಿತಿ ಓಟ

ಹೆಚ್ಚು ಇ.ಟಿ. ತೆಗೆದುಕೊಂಡರೂ ಉತ್ತಮ ಪ್ರತಿಕ್ರಿಯಾ ಕಾಲದಿಂದ ಗೆಲ್ಲುವುದಕ್ಕೆ ಹೋಲ್‌ಶಾಟ್ ಗೆಲುವು ಎನ್ನುತ್ತಾರೆ. ಒಬ್ಬನ ಪ್ರತಿಕ್ರಿಯೆ 0.020, ಇ.ಟಿ. 6.600, ಇನ್ನೊಬ್ಬನ ಪ್ರತಿಕ್ರಿಯೆ 0.070, ಇ.ಟಿ. 6.570 ಎಂದಿಟ್ಟುಕೊಳ್ಳೋಣ. ಎರಡನೆಯವನ ವಾಹನ ವೇಗದ್ದು. ಆದರೆ ಮೊತ್ತ ಕ್ರಮವಾಗಿ 6.620 ಮತ್ತು 6.640, ಮೊದಲನೆಯವನು 0.020 ಸೆಕೆಂಡಿನಿಂದ ಗೆಲ್ಲುತ್ತಾನೆ. ಗಂಟೆಗೆ 330 ಕಿಲೋಮೀಟರ್ ವೇಗದಲ್ಲಿ ಗುರಿ ದಾಟುವ ವಾಹನಗಳಿಗೆ ಇದು ಎರಡು ಮೀಟರಿಗಿಂತ ಕಡಿಮೆ ಅಂತರ.

ಬ್ರ್ಯಾಕೆಟ್ ರೇಸಿಂಗ್‌ನಲ್ಲಿ ಪ್ರತಿ ಚಾಲಕನೂ ತನ್ನ ವಾಹನದ ನಿರೀಕ್ಷಿತ ಇ.ಟಿ.ಯನ್ನು ಮೊದಲೇ ಘೋಷಿಸುತ್ತಾನೆ, ಇದು ಡಯಲ್-ಇನ್. 12.00 ಘೋಷಿಸಿದವನಿಗೆ 10.00 ಘೋಷಿಸಿದವನಿಗಿಂತ 2 ಸೆಕೆಂಡು ಮೊದಲು ಹಸಿರು ಸಿಗುತ್ತದೆ. ಘೋಷಿಸಿದ್ದಕ್ಕಿಂತ ಬೇಗ ಓಡಿದರೆ ಬ್ರೇಕ್‌ಔಟ್, ಅದು ಸೋಲು. ಎಂಜಿನ್ನಿನ ಬಲ ಹೀಗೆ ಲೆಕ್ಕದಿಂದ ಹೊರಹೋಗುವುದರಿಂದ ಪ್ರತಿಕ್ರಿಯಾ ಕಾಲವೂ ಘೋಷಣೆಯ ನಿಖರತೆಯೂ ಸೇರಿದ ಪ್ಯಾಕೇಜ್ ಅಂಕಿಯೇ ಎಲ್ಲ. ಮನೆಯ ಸಾಧಾರಣ ಕಾರು ದುಬಾರಿ ಡ್ರ್ಯಾಗ್‌ಸ್ಟರನ್ನು ನ್ಯಾಯವಾಗಿ ಸೋಲಿಸಬಹುದಾದ ಏರ್ಪಾಡು ಇದು. ಅಮೆರಿಕದ ಊರೂರಿನ ಪಥಗಳಲ್ಲಿ ಈ ಕ್ರೀಡೆಯನ್ನು ಜೀವಂತವಾಗಿಟ್ಟಿರುವುದೂ ಇದೇ.

ಅಭ್ಯಾಸ

ಮೇಜಿನ ಮೇಲಿಡುವ ಪ್ರಾಕ್ಟಿಸ್ ಟ್ರೀ ಉಪಕರಣಗಳಲ್ಲಿ ಚಾಲಕರು ಅಭ್ಯಾಸ ಮಾಡುತ್ತಾರೆ. ವಾಹನದಲ್ಲಿರುವಂಥದೇ ಗುಂಡಿ ಅಥವಾ ಪೆಡಲ್ ಜೋಡಿಸಿ, ವಾಹನದ ವಿಳಂಬವನ್ನು ಅಂಕಿಯಾಗಿ ತುಂಬಿ ನಿಜಸ್ಥಿತಿಗೆ ಹತ್ತಿರ ತರಬಹುದು. ಅತಿ ಕಡಿಮೆ ಅಂಕಿ ಗಳಿಸುವುದಕ್ಕಿಂತ ಅಂಕಿಗಳ ಹರವನ್ನು ಕಿರಿದಾಗಿಸುವುದೇ ಅಭ್ಯಾಸದ ಗುರಿ. ಹರವು ಗೊತ್ತಿದ್ದರೆ ವಾಹನವನ್ನು ಅದಕ್ಕೆ ತಕ್ಕಂತೆ ಹೊಂದಿಸಿ ಕೆಂಪು ದೀಪದಿಂದ ಸುರಕ್ಷಿತ ಅಂತರ ಕಾಯಬಹುದು. ಆರಂಭ ರೇಖೆಯಲ್ಲಿ ಕೆಲವರು ಮೂರನೆಯ ದೀಪವೊಂದನ್ನೇ ನೋಡಲು ಉಳಿದವುಗಳನ್ನು ಹೆಲ್ಮೆಟ್ಟಿನ ಅಂಚಿನಿಂದ ಮರೆಮಾಡಿಕೊಳ್ಳುತ್ತಾರೆ. ನಿದ್ದೆ, ಆಯಾಸ, ನಿರ್ಜಲೀಕರಣ, ಸಂಜೆಯಾಗುತ್ತ ಬದಲಾಗುವ ಬೆಳಕು ಇವೆಲ್ಲ ಪ್ರತಿಕ್ರಿಯೆಯನ್ನು ಕದಲಿಸುತ್ತವೆ. ಹಗಲಿನ ಸುತ್ತುಗಳಿಂದ ರಾತ್ರಿಯ ಸುತ್ತುಗಳಿಗೆ ಹೋಗುವಾಗ ಚಾಲಕರು ಡಿಲೇ ಬಾಕ್ಸಿನ ಅಂಕಿ ಬದಲಿಸುವುದು ಸಾಮಾನ್ಯ.

ಇತರ ಬಳಕೆಗಳು

ರೋಲ್‌ಔಟ್ ಕಲ್ಪನೆ ಡ್ರ್ಯಾಗ್ ಪಥದ ಹೊರಗೂ ಹರಡಿದೆ. ಅಮೆರಿಕದ ಹಲವು ವಾಹನ ಪತ್ರಿಕೆಗಳು ನಿಂತ ಸ್ಥಿತಿಯಿಂದ ಗಂಟೆಗೆ 60 ಮೈಲಿ ವೇಗ ಮುಟ್ಟುವ ಅವಧಿಯನ್ನು ಪ್ರಕಟಿಸುವಾಗ ಮೊದಲ ಒಂದು ಅಡಿ ಉರುಳುವ ಹೊತ್ತನ್ನು ಕಳೆಯುತ್ತವೆ. ಕೆಲವು ತಯಾರಕರೂ ಹೀಗೆಯೇ ಮಾಡುತ್ತಾರೆ. ಇದನ್ನು ಕಳೆಯದ ಅಂಕಿಗಳೊಂದಿಗೆ ಅವನ್ನು ಹೋಲಿಸಿದರೆ ತಪ್ಪು ತೀರ್ಮಾನಕ್ಕೆ ಬರುವ ಸಾಧ್ಯತೆಯಿದೆ. ಮಾರುಕಟ್ಟೆಯ ಕಾರು ಮತ್ತು ಬೈಕುಗಳ ಲಾಂಚ್ ಕಂಟ್ರೋಲ್ ಸೌಲಭ್ಯವೂ ಟು-ಸ್ಟೆಪ್ ಮಿತಿಕಾರಕದ ತತ್ವವನ್ನೇ ಅನುಸರಿಸುತ್ತದೆ.

ಇಂದಿನ ಸ್ಥಿತಿ

ಅಮೆರಿಕದ ಎನ್‌ಎಚ್‌ಆರ್‌ಎ ಈ ಕ್ರೀಡೆಯ ಅತಿ ದೊಡ್ಡ ಸಂಸ್ಥೆಯಾಗಿ ಉಳಿದಿದೆ. ನಾರ್ತ್ ಕೆರೊಲಿನಾದ ಷಾರ್ಲೆಟ್ ಬಳಿಯ ಪಥದಲ್ಲಿ 2010ರಿಂದ ಏಕಕಾಲಕ್ಕೆ ನಾಲ್ಕು ವಾಹನ ಓಡುವ ರಾಷ್ಟ್ರೀಯ ಕೂಟ ನಡೆಯುತ್ತಿದೆ. ಅಲ್ಲಿ ನಾಲ್ವರ ಸ್ಟೇಜಿಂಗ್ ಕ್ರಮ ಮತ್ತು ದೀಪಗಳ ಗೊಂದಲ ಚಾಲಕರಿಗೆ ಹೊಸ ಪರೀಕ್ಷೆ. ಯುರೋಪಿನಲ್ಲಿ ಇಂಗ್ಲೆಂಡಿನ ಸಾಂಟಾ ಪಾಡ್, ಸ್ವೀಡನ್ನಿನ ಟಿಯರ್ಪ್, ಜರ್ಮನಿಯ ಹಾಕನ್‌ಹೈಮ್ ಮುಖ್ಯ ಪಥಗಳು. ಆಸ್ಟ್ರೇಲಿಯಾ, ಕತಾರ್, ಬಹ್ರೇನ್‌ಗಳಲ್ಲೂ ಸುಸಜ್ಜಿತ ಪಥಗಳಿವೆ. ದೀಪದ ಕಂಬವಿಲ್ಲದೆ ಕೈಬೀಸಿ ಅಥವಾ ಟಾರ್ಚ್ ಬೆಳಗಿಸಿ ಬಿಡುವ ಓಟಗಳೂ ಕೆಲವೆಡೆ ಜನಪ್ರಿಯವಾಗಿವೆ. ಪ್ರತಿಕ್ರಿಯಾ ಕಾಲವನ್ನು ಬಿಡಿಯಾಗಿ ಅಳೆಯುವ ಅನುಕೂಲ ಅವುಗಳಲ್ಲಿಲ್ಲ.

ಭಾರತದಲ್ಲಿ ಮೋಟಾರು ಕ್ರೀಡೆಗಳ ಆಡಳಿತ ಫೆಡರೇಷನ್ ಆಫ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಸ್ ಆಫ್ ಇಂಡಿಯಾದ ಕೈಯಲ್ಲಿದೆ. ಓಟಗಳು ಹೆಚ್ಚಾಗಿ ರೇಸ್ ಸರ್ಕ್ಯೂಟಿನ ನೇರ ಭಾಗದಲ್ಲೋ ವಿಮಾನಪಟ್ಟಿಗಳಲ್ಲೋ ನಡೆಯುತ್ತವೆ. ರಾಷ್ಟ್ರೀಯ ಮೋಟಾರ್‌ಸೈಕಲ್ ಡ್ರ್ಯಾಗ್ ಚಾಂಪಿಯನ್‌ಷಿಪ್ ಚೆನ್ನೈ ಸಮೀಪದ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿನಲ್ಲಿ ನಡೆದಿದೆ. ಮಹಾರಾಷ್ಟ್ರದ ಆಂಬಿ ವ್ಯಾಲಿಯ ವಿಮಾನಪಟ್ಟಿ ಕಾರು ಮತ್ತು ಬೈಕುಗಳ ಓಟಗಳಿಗೆ ಹೆಸರಾಗಿದೆ. ಬೆಂಗಳೂರಿನ ಹೇಮಂತ್ ಮುದ್ದಪ್ಪ ಮೋಟಾರ್‌ಸೈಕಲ್ ಡ್ರ್ಯಾಗ್ ಓಟದಲ್ಲಿ ಹಲವು ಬಾರಿ ರಾಷ್ಟ್ರೀಯ ಚಾಂಪಿಯನ್ ಆಗಿದ್ದಾರೆ. ಸಾರ್ವಜನಿಕ ರಸ್ತೆಗಳಲ್ಲಿ ನಡೆಸುವ ಓಟಗಳು ಕಾನೂನಿಗೆ ವಿರುದ್ಧ ಮತ್ತು ಪ್ರಾಣಾಂತಿಕ.

ವಿದ್ಯುತ್ ವಾಹನಗಳು ಪಥಕ್ಕಿಳಿದ ಮೇಲೆ ಯಂತ್ರದ ವಿಳಂಬವೆಂಬ ಘಟಕ ಬಹಳ ಕುಗ್ಗಿದೆ. ಮೋಟಾರಿನ ತಿರುಚುಬಲ ಪೆಡಲ್ ಒತ್ತಿದ ಕೂಡಲೇ ಸಿಗುತ್ತದೆ, ಎಂಜಿನ್ ಸುತ್ತು ಏರಿಸಿ ಕಾಯುವ ಅಗತ್ಯವಿಲ್ಲ, ಒಂದು ಹೊರಡಿಕೆಗೂ ಇನ್ನೊಂದಕ್ಕೂ ವ್ಯತ್ಯಾಸ ಅಲ್ಪ. ಮೊತ್ತದಲ್ಲಿ ಉಳಿಯುವುದು ಚಾಲಕನ ಪ್ರತಿಕ್ರಿಯೆ ಮತ್ತು ರೋಲ್‌ಔಟ್. ಬೇಗ ಸ್ಪಂದಿಸುವ ಇಂಥ ವಾಹನದ ಚಾಲಕ ಫುಲ್ ಟ್ರೀಯಲ್ಲಿ ಪೆಟ್ರೋಲ್ ಕಾರಿನ ರೂಢಿಯಂತೆ ಹೊರಟರೆ ಕೆಂಪು ದೀಪ ಕಾಣುತ್ತಾನೆ. ಅದನ್ನು ತಪ್ಪಿಸಲು ಅವನು ಶ್ಯಾಲೋ ಸ್ಟೇಜಿಂಗ್‌ನಲ್ಲಿ ನಿಂತು ರೋಲ್‌ಔಟನ್ನು ಪೂರ್ತಿ ಬಳಸಿಕೊಳ್ಳಬೇಕು, ಇಲ್ಲವೇ ಕೊನೆಯ ಹಳದಿ ದೀಪವನ್ನು ಕಣ್ಣಾರೆ ಕಂಡ ಮೇಲಷ್ಟೇ ಪೆಡಲ್ ಒತ್ತುವುದನ್ನು ರೂಢಿಸಿಕೊಳ್ಳಬೇಕು.